ಚಕ್ರಕ್ಕೆ ಕೊಟ್ಟ ಕಲ್ಲು

ಎಂಟು ವರ್ಷ ಮುಂಬೈ ಲೈನಿನಲ್ಲಿ ಲಾರಿ ಓಡಿಸಿದ ನನ್ನನ್ನು ಕಂಡರೆ ಮೂರು ವರ್ಷದ ಮಗಳು ಅಮ್ಮನ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದಳು. ತಿಂಗಳಿಗೊಮ್ಮೆ ಬರುವವನು ಅಪ್ಪನೋ ನೆಂಟನೋ, ಅವಳಿಗೇನು ಗೊತ್ತು? ರಾತ್ರಿ ಹೋಗಿ ಬೆಳಿಗ್ಗೆ ಮನೆ ಸೇರುವ ಲೋಕಲ್ ಗಾಡಿ ಬೇಕೆಂದು ಆಲೂರು, ಸಕಲೇಶಪುರದ ಲಾರಿ ಸ್ಟ್ಯಾಂಡುಗಳಲ್ಲಿ ಎರಡು ತಿಂಗಳು ಅಲೆದೆ. ಅಂಥ ಸೀಟು ಹಿಡಿದವರು ಸುಲಭಕ್ಕೆ ಬಿಡುವುದಿಲ್ಲ ಎಂದೇ ಎಲ್ಲರೂ ಹೇಳಿದರು.

ಕೊನೆಗೆ ಮೀನಿನ ಗಾಡಿಯ ಮಾಲೀಕರೊಬ್ಬರು ಒಪ್ಪಿದರು. ಸಂಜೆ ಖಾಲಿ ಕ್ರೇಟು ತುಂಬಿಕೊಂಡು ಕರಾವಳಿಗೆ ಇಳಿಯಬೇಕು, ಐಸು ಹಾಕಿದ ಮೀನು ಹೇರಿಕೊಂಡು ಘಾಟಿ ಹತ್ತಿ ಬೆಳಗಿನ ಐದಕ್ಕೆ ಹಾಸನದ ಮಾರ್ಕೆಟ್ಟು ಮುಟ್ಟಬೇಕು. ಮೊದಲ ರಾತ್ರಿ ಅವರೇ ಪಕ್ಕದಲ್ಲಿ ಕೂತು ನೋಡುತ್ತಾರೆ, ಹಿಡಿಸಿದರೆ ಕೆಲಸ. ಕ್ಲೀನರ್ ಇಲ್ಲ.

ವಾಪಸು ಘಾಟಿ ಹತ್ತುವಾಗ ದೋಣಿಗಲ್ಲಿನ ಕೆಳಗಿನ ಏರಿನಲ್ಲಿ ಟ್ಯಾಂಕರೊಂದು ಕೆಟ್ಟು ನಿಂತು ಗಾಡಿಗಳು ಸಾಲುಗಟ್ಟಿದವು. ನಮ್ಮ ಹ್ಯಾಂಡ್‌ಬ್ರೇಕು ನಂಬುವಂತಿರಲಿಲ್ಲ. ಗೇರಿಗೆ ಹಾಕಿ ಇಳಿದು, ಗಾಡಿ ಹಿಂದಕ್ಕೆ ಜಾರದಂತೆ ಹಿಂದಿನ ಚಕ್ರಕ್ಕೆ ದೊಡ್ಡ ಕಲ್ಲು ಕೊಟ್ಟೆ. ಮುಕ್ಕಾಲು ಗಂಟೆ ಮಾಲೀಕರು ವಾಚು ನೋಡುತ್ತ ಕೂತರು. ಕರಗಿದ ಐಸಿನ ನೀರು ರಸ್ತೆಗೆ ತೊಟ್ಟಿಕ್ಕುತ್ತಲೇ ಇತ್ತು. ದಾರಿ ಬಿಟ್ಟದ್ದೇ ತಡ, ಹಿಂದಿನವರ ಹಾರ್ನಿಗೆ ಹೆದರಿ ಗಾಡಿ ಎತ್ತಿಬಿಟ್ಟೆ.

ಎರಡು ತಿರುವು ದಾಟಿದ ಮೇಲೆ ನೆನಪಾಯಿತು. ಕಲ್ಲು ರಸ್ತೆಯಲ್ಲೇ ಉಳಿದಿತ್ತು. ಥೂ ನನ್ನ ಬುದ್ಧಿಗಿಷ್ಟು! ಲಾರಿಗಳು ಅದನ್ನು ಹೇಗೋ ತಪ್ಪಿಸಿಕೊಳ್ಳುತ್ತವೆ, ಬೈಕಿನವರು ಏನು ಮಾಡಬೇಕು? ಹಗಲು ಹೆಂಡತಿ ಮಗುವನ್ನು ಕೂರಿಸಿಕೊಂಡು ನಾನೂ ಬೈಕಿನಲ್ಲೇ ಹೋಗುವವನು. ರಸ್ತೆ ಅಗಲವಿದ್ದ ಕಡೆ ಗಾಡಿ ನಿಲ್ಲಿಸಿದೆ.

"ಯಾವನಾದ್ರೂ ತೆಗೀತಾನೆ ಬಿಡು. ಮಾಲು ಕೆಡ್ತಾ ಐತೆ. ಈಗ ಇಳಿದ್ರೆ ನಾಳೆಯಿಂದ ಬರೋದೇ ಬ್ಯಾಡ," ಎಂದರು ಮಾಲೀಕರು.

ಮಗಳ ಮುಖ ಕಣ್ಣಿಗೆ ಬಂತು. ಈ ಸೀಟು ಹೋದರೆ ಮತ್ತೆ ಮುಂಬೈಯೇ. ಸಿಟ್ಟು, ಭಯ ಎರಡೂ ಒಟ್ಟಿಗೆ ನುಗ್ಗಿದವು. "ನೀವು ಈ ಕಡೆ ಬಂದು ಬ್ರೇಕ್ ತುಳ್ಕಂಡಿರಿ," ಎಂದವನೇ ಅವರಿಗೆ ಸೀಟು ಬಿಟ್ಟು ಇಳಿದು, ಮೊಬೈಲ್ ಟಾರ್ಚ್ ಹಿಡಿದು ಇಳಿಜಾರಿನಲ್ಲಿ ಓಡಿದೆ.

ಕಲ್ಲು ಕಂಡಾಗಲೇ ಕೆಳಗಿನಿಂದ ಬೈಕಿನ ಮಂದ ಬೆಳಕೂ ಕಂಡಿತು. ಕೈಬೀಸಿ ಅರಚಿದೆ. ಕಲ್ಲಿಗೆ ಎರಡು ಮಾರು ದೂರದಲ್ಲಿ ಬೈಕು ಅಡ್ಡಡ್ಡ ಜಾರಿ ನಿಂತಿತು. ಕುಡಿದಿದ್ದೀಯಾ ಎಂದು ಸವಾರ ಬಾಯಿಗೆ ಬಂದಂತೆ ಬೈದ. ಬೈಸಿಕೊಂಡೆ. ಕಲ್ಲನ್ನು ಚರಂಡಿಗೆ ಉರುಳಿಸಿ ಮತ್ತೆ ಮೇಲೆ ಹತ್ತಿದೆ.

ಮಾಲೀಕರು ಬ್ರೇಕ್ ತುಳಿದುಕೊಂಡೇ ಕೂತಿದ್ದರು. ಮುಂದೆ ನಾನೇ ಓಡಿಸಿದೆ. ಮಾರ್ಕೆಟ್ಟು ಮುಟ್ಟಿದಾಗ ಐದೂಮುಕ್ಕಾಲು. ಮೀನು ಇಳಿಸಿ, ಕೆಲಸ ಹೋಯಿತೆಂದೇ ಲೆಕ್ಕ ಹಾಕಿ ಕೀ ಚಾಚಿದೆ.

ಅವರು ಕೀ ಮುಟ್ಟಲಿಲ್ಲ. "ಸಂಜೆ ನಾಕಕ್ಕೆ ಬಾ. ಚಕ್ರಕ್ಕೆ ಕೊಡಾಕೆ ಒಂದು ಮರದ ತುಂಡಿಗೆ ಹಗ್ಗ ಬಿಗಿದು ತಗಂಬಾ. ಗಾಡಿಗೆ ಕಟ್ಟಿದ್ರೆ ಅದೇ ಹಿಂದೆ ಬತ್ತದೆ."

ಮನೆಗೆ ಬಂದವನು ಮಲಗಲಿಲ್ಲ. ಅಂಗಳದಲ್ಲಿ ಕೂತು ಹಲಸಿನ ತುಂಡೊಂದನ್ನು ಕೊಯ್ದೆ. ಮಗಳು ಬಾಗಿಲ ಮರೆಯಿಂದ ಬಹಳ ಹೊತ್ತು ನೋಡಿದಳು. ಗಂಟು ಬಿಗಿಯಲು ಹೋಗಿ ಹಗ್ಗ ಜಾರುತ್ತಿದ್ದಾಗ ಮೆಲ್ಲಗೆ ಬಂದು, ನಾನು ಕೇಳದೆಯೇ ಅದರ ಇನ್ನೊಂದು ತುದಿ ಹಿಡಿದುಕೊಂಡಳು.