ಕಾಗೆ ಕರೆಯುವ ಸೊಣ್ಣಪ್ಪನ ಉಳಿದ ಆಸೆ

ಅವಲಪಲ್ಲಿಯಲ್ಲಿ ಯಾರೇ ಸತ್ತರೂ ಹನ್ನೊಂದನೆಯ ದಿನಕ್ಕೆ ಸೊಣ್ಣಪ್ಪನಿಗೆ ಹೇಳಿಕಳಿಸುತ್ತಿದ್ದರು. ಕೆರೆ ಏರಿಯ ಮೇಲೆ ಬಾಳೆ ಎಲೆ ಹಾಸಿ, ಸತ್ತವರಿಗೆ ಇಷ್ಟವಾದುದನ್ನೆಲ್ಲ ಬಡಿಸಿ, ದೂರ ಸರಿದು ನಿಲ್ಲುವುದು ಪದ್ಧತಿ. ಕಾಗೆ ಬಂದು ಮುಟ್ಟಿದರೆ ಜೀವ ತೃಪ್ತಿಯಿಂದ ಹೊರಟಿತು ಎಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಅದನ್ನು ನಡೆಸಿಕೊಡುತ್ತೇವೆಂದು ಕೂಗಿ ಮಾತು ಕೊಡಬೇಕು. ಉಳಿದ ಆಸೆ ಯಾವುದೆಂದು ಹೇಳುವುದೇ ಸೊಣ್ಣಪ್ಪನ ಕಸುಬು. ಅದರಿಂದ ಅವನಿಗೆ ಬರುತ್ತಿದ್ದುದು ಒಂದು ಹೊತ್ತಿನ ಊಟ, ಮೂಟೆಗಟ್ಟಲೆ ಜಂಬ.

ಶ್ಯಾಮಣ್ಣ ಸತ್ತಾಗ ಮಕ್ಕಳು, "ತಂಗಿ ಮದುವೆ ಮಾಡ್ತೀವಪ್ಪಾ" ಅಂದರು, "ಅವ್ವನ್ನ ಚೆನ್ನಾಗಿ ನೋಡ್ಕೊಂತೀವಿ" ಅಂದರು. ಬೇವಿನ ಮರದ ಕಾಗೆ ಬೆನ್ನು ತಿರುಗಿಸಿ ಕೂತಿತ್ತು. ಸೊಣ್ಣಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ. "ಶ್ಯಾಮಣ್ಣಾ, ನಿನ್ನ ರೇಡಿಯೋನ ಅಳಿಯಂಗೆ ಕೊಡಲ್ಲ ಕಣಪ್ಪೋ!" ಎಂದು ಕೂಗಿದ. ಕಾಗೆ ದಡಕ್ಕನೆ ಇಳಿಯಿತು. ಅಳಿಯ ಮುಖ ಊದಿಸಿಕೊಂಡು, ಊಟವನ್ನೂ ಮಾಡದೆ ಹೊಸೂರಿನ ಬಸ್ಸು ಹತ್ತಿದ.

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಸೊಣ್ಣಪ್ಪನ ಮನೆಯ ಮುಂದಿನ ಕೋಣೆಗೆ ಕದಿರವೇಲು ಬಾಡಿಗೆಗೆ ಬಂದ. ಕೋಲಾರದ ಚಿನ್ನದ ಗಣಿಯ ಕಡೆಯವನು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಲೇತ್ ಕೆಲಸ. ತಾತನ ಕಾಲದಿಂದಲೂ ಮನೆಯವರೆಲ್ಲ ಬೌದ್ಧರು. ಕೋಣೆಯ ಗೋಡೆಗೆ ಬುದ್ಧನ ಪಟ ಒಂದೇ. ಅದರ ಮುಂದೆ ಅವನು ಕಾಯಿ ಒಡೆಯದ್ದನ್ನೂ ಹಣ್ಣು ಇಡದ್ದನ್ನೂ ಒಂದು ವಾರ ನೋಡಿದ ಸೊಣ್ಣಪ್ಪನ ಹೆಂಡತಿ ಹನುಮಕ್ಕ, "ಪಾಪ, ದೇವ್ರನ್ನ ಉಪವಾಸ ಕೆಡವವ್ನೆ" ಎಂದು ತಾನೇ ಎರಡು ಬಾಳೆಹಣ್ಣು ಇಟ್ಟು ಬಂದಳು.

ಸಂಜೆಯಾದರೆ ಜಗಲಿಯ ಮೇಲೆ ವಾದ ಶುರು.

"ಮೈ ಅನ್ನೋದು ಬಾಡಿಗೆ ಮನೆ ಕಣ್ಲಾ," ಎನ್ನುತ್ತಿದ್ದ ಸೊಣ್ಣಪ್ಪ. "ಆತ್ಮ ಒಳಗಿರೋ ಬಾಡಿಗೆದಾರ. ಈ ಮನೆ ಬಿದ್ರೆ ಇನ್ನೊಂದು ಮನೆ. ಒಳ್ಳೆ ಕರ್ಮ ಮಾಡಿದ್ರೆ ಒಳ್ಳೆ ಮನೆ, ಕೆಟ್ಟದ್ದು ಮಾಡಿದ್ರೆ ಹಂದಿ ಗೂಡು. ಮನೆ ಮನೆ ಅಲೆಯೋದು ತಪ್ಪಿ ದೇವ್ರ ಹತ್ರಾನೇ ನಿಂತೋದ್ರೆ ಅದು ಮೋಕ್ಷ."

"ಕರ್ಮ ಇದೆ ತಾತಾ, ಮುಂದಿನ ಜನ್ಮಾನೂ ಇದೆ. ಬಾಡಿಗೆದಾರ ಮಾತ್ರ ಇಲ್ಲ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದಂಗೆ. ಉರಿ ಮುಂದಕ್ಕೆ ಹೋಗುತ್ತೆ. 'ನಾನು' ಅಂತ ಒಳಗೆ ಒಬ್ಬ ಕೂತಿರಲ್ಲ."

"ಒಳಗೆ ಯಾರೂ ಇಲ್ವಾ? ಮತ್ತೆ ನನ್ನ ರೂಮಲ್ಲಿ ಗೋಡೆ ಅದುರಂಗೆ ಗೊರಕೆ ಹೊಡೆಯೋನು ಯಾರ್ಲಾ?"

ಕದಿರವೇಲು ನಕ್ಕುಬಿಟ್ಟ. ನಕ್ಕು ಹೇಳಿದ: "ಬುದ್ಧ ಹೇಳಿದ್ದು ನಾಲ್ಕೇ ಮಾತು ತಾತಾ. ಬದುಕಲ್ಲಿ ದುಃಖ ಇದೆ. ದುಃಖಕ್ಕೆ ಬೇರು ಆಸೆ. ಆ ಬೇರು ಕಿತ್ತರೆ ದುಃಖ ನಿಲ್ಲುತ್ತೆ. ಕೀಳೋಕೆ ದಾರಿ ಇದೆ: ನೋಟ ನೆಟ್ಟಗಿರಬೇಕು, ಮಾತು ನೆಟ್ಟಗಿರಬೇಕು, ಕೆಲಸ ನೆಟ್ಟಗಿರಬೇಕು, ಹಿಂಗೆ ಎಂಟು."

ಸೊಣ್ಣಪ್ಪ ಎದ್ದು ಕೂತ. ಆಸೆಯ ಬೇರು ಕೀಳುವ ಮಾತೊಂದು ಬಿಟ್ಟು ಉಳಿದದ್ದು ಅವನ ಕಿವಿಗೆ ಬೀಳಲೇ ಇಲ್ಲ. ಬಹಳ ದಿನದಿಂದ ಅವನನ್ನು ಒಂದು ಚಿಂತೆ ಹುಳುವಿನ ಹಾಗೆ ಕೊರೆಯುತ್ತಿತ್ತು. ಊರವರ ಎಲೆಗೆಲ್ಲ ಕಾಗೆ ಕರೆದದ್ದು ತಾನು; ತಾನು ಸತ್ತಾಗ ಕರೆಯುವವರು ಯಾರು? ತನ್ನ ಎಲೆಯನ್ನೇ ಕಾಗೆ ಮುಟ್ಟದಿದ್ದರೆ ಊರಲ್ಲಿ ಮಾನ ಉಳಿಯುತ್ತದೆಯೆ? ಈಗ ದಾರಿ ಸಿಕ್ಕಿತು. ಆಸೆಯೇ ಇಲ್ಲದೆ ಸತ್ತರೆ ಕರೆಯುವವನೇ ಬೇಕಾಗಿಲ್ಲ!

ಮರುದಿನದಿಂದಲೇ ಕೀಳಲು ಕೂತ. ಬೀಡಿ ಬಿಟ್ಟ, ಕಾಫಿ ಬಿಟ್ಟ. ಇಪ್ಪತ್ತು ವರ್ಷ ಜಗಳವಾಡಿದ ಹುಣಸೆ ಮರವನ್ನು ದಾಯಾದಿಗೆ ಬಿಟ್ಟುಕೊಟ್ಟ. ಇದರಲ್ಲಿ ಏನೋ ಮೋಸವಿದೆ ಎಂದು ಆ ದಾಯಾದಿ ತಿಂಗಳುಗಟ್ಟಲೆ ಮರದ ಹತ್ತಿರ ಸುಳಿಯಲಿಲ್ಲ. ಎಷ್ಟು ಬೇರು ಕಿತ್ತಾಯಿತು ಎಂದು ನೋಡಲು ಪ್ರತಿ ಅಮಾವಾಸ್ಯೆಗೆ ಒಂದು ಪರೀಕ್ಷೆ. ಹನುಮಕ್ಕ ವಡೆ, ಪಾಯಸ, ಹುರುಳಿ ಸಾರು ಮಾಡಿ ಗೋಡೆಯ ಮೇಲೆ ಎಡೆ ಇಡಬೇಕು. ಸೊಣ್ಣಪ್ಪ ಕೊಟ್ಟಿಗೆಯ ಹಿಂದೆ ಚಾಪೆ ಹಾಸಿ, "ಈಗ ನಾನು ಸತ್ತಿದ್ದೀನಿ, ಮಾತಾಡಿಸಬ್ಯಾಡ" ಎಂದು ಮಲಗುತ್ತಿದ್ದ.

ಒಂದು ದಿನ ಪೋಸ್ಟ್‌ಮ್ಯಾನ್ ಬಂದು, "ಸೊಣ್ಣಪ್ಪ ಇಲ್ವೇನಮ್ಮಾ?" ಎಂದು ಕೇಳಿದ.

"ಅವ್ರೆ. ಈಗ ಸತ್ತವ್ರೆ, ಮಧ್ಯಾಹ್ನದ ಮೇಲೆ ಬಾರಣ್ಣ," ಎಂದಳು ಹನುಮಕ್ಕ.

ಕಾಗೆ ಬರುತ್ತಿತ್ತು, ಕತ್ತು ಓರೆ ಮಾಡಿ ಎಲೆ ನೋಡುತ್ತಿತ್ತು, ಹೋಗುತ್ತಿತ್ತು. ಐದು ವರ್ಷದಲ್ಲಿ ಒಂದು ಸಲವೂ ಮುಟ್ಟಲಿಲ್ಲ.

"ಕಾಗೆ ಬರಲಿ ಅನ್ನೋದೂ ಆಸೇನೇ ಅಲ್ವಾ ತಾತಾ?" ಎಂದ ಕದಿರವೇಲು ಒಮ್ಮೆ. ಸೊಣ್ಣಪ್ಪ ಎರಡು ದಿನ ಬಾಯಿಗೆ ತುತ್ತಿಡಲಿಲ್ಲ. ಮೂರನೆಯ ದಿನ ಕೋಣೆಯ ಬಾಗಿಲು ತಟ್ಟಿ, "ಅದನ್ನೂ ಕಿತ್ತಾಕ್ಬುಟ್ಟೆ ಕಣ್ಲಾ. ಈಗ ಬತ್ತದೆ ಅಲ್ವಾ?" ಎಂದು ಕೇಳಿದ.

ಎಂಬತ್ತನಾಲ್ಕನೆಯ ಇಸವಿಯಲ್ಲಿ ಒಂದು ದಿನ, ಊಟ ಮಾಡಿ ಅಡ್ಡಾದ ಸೊಣ್ಣಪ್ಪ ಏಳಲಿಲ್ಲ. ಈ ಸಲ ನಿಜವೆಂದು ಹನುಮಕ್ಕನಿಗೆ ಗೊತ್ತಾಗಲು ಸಂಜೆಯಾಯಿತು.

ಹನ್ನೊಂದನೆಯ ದಿನ ಊರೇ ಏರಿಯ ಮೇಲೆ ನೆರೆಯಿತು. ಮರದ ತುಂಬ ಕಾಗೆ. ಇಳಿದದ್ದು ಒಂದೂ ಇಲ್ಲ. ದಾಯಾದಿ ಹುಣಸೆ ಮರ ವಾಪಸು ಕೊಡುತ್ತೇನೆಂದ. ಬೀಡಿ ತಂದಿಟ್ಟರು, ಕಾಫಿ ತಂದಿಟ್ಟರು. ಹೊತ್ತು ನೆತ್ತಿಗೇರಿತು, ಸಾರಿನ ಮೇಲೆ ಕೆನೆ ಕಟ್ಟಿತು. ಹನುಮಕ್ಕ ಕದಿರವೇಲುವನ್ನು ಮುಂದಕ್ಕೆ ದೂಡಿದಳು.

"ನೀನು ಕೂಗಪ್ಪ. ದಿನಾ ಜೊತೇಲಿ ಕೂತು ಮಾತಾಡ್ದೋನು."

"ನಮ್ಮಲ್ಲಿ ಆತ್ಮಾನೇ ಇಲ್ವಲ್ಲ ಅಜ್ಜೀ."

"ಇದ್ರೆ ಕೇಳಿಸ್ಕೊಂತಾನೆ. ಇಲ್ದಿದ್ರೆ ನಿನ್ನ ಗಂಟೇನು ಹೋಯ್ತು?"

ಕದಿರವೇಲು ಕೂಗಿದ. "ತಾತಾ, ಇನ್ಮೇಲೆ ಗೊರಕೆ ಹೊಡೆಯಲ್ಲ!" ಕಾಗೆಗಳು ಕದಲಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹನುಮಕ್ಕ ತಿರುಗಿ ನೋಡಿದಳು. ಈ ನಗು ಕೇಳಬಾರದೆಂದೇ ಐದು ವರ್ಷ ಒದ್ದಾಡಿದ ಮನುಷ್ಯ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲೆಯ ಹತ್ತಿರ ಹೋಗಿ ನಿಂತಳು.

"ಸೋತ್ವಿ ಕಣಯ್ಯಾ! ಊರೆಲ್ಲಾ ಸೇರಿ ಬಡ್ಕೊಂಡ್ರೂ ನಿನ್ನ ಮನಸ್ಸಲ್ಲಿರೋದು ಯಾರಿಗೂ ತಿಳೀಲಿಲ್ಲ. ನಿನ್ನಂಗೆ ಕಾಗೆ ಕರಿಯೋನು ಈ ಸೀಮೇಲಿ ಇನ್ನೊಬ್ಬ ಇಲ್ಲ, ಮುಂದಕ್ಕೂ ಹುಟ್ಟಲ್ಲ. ಸಾಕಾ?"

ಅವಳು 'ಸಾಕಾ' ಅನ್ನುವಷ್ಟರಲ್ಲಿ ಕಾಗೆ ಎಲೆಯ ಮೇಲಿತ್ತು.

ಕದಿರವೇಲು ಹನುಮಕ್ಕನ ಹತ್ತಿರ ಬಂದ. "ಅಜ್ಜೀ, ಅದು ಬರೀ ಕಾಗೆ. ಹಸಿವಾಗಿತ್ತು, ಬಂತು. ಒಳಗೆ 'ನಾನು' ಅಂತ ಯಾರೂ..."

"ಸುಮ್ಕಿರಪ್ಪ," ಎಂದಳು ಹನುಮಕ್ಕ, ಕಣ್ಣೊರೆಸಿಕೊಳ್ಳುತ್ತ. "ಆ ಯಾರೂ ಅಲ್ದೋನು ಎರಡನೇ ವಡೆಗೆ ಬಾಯಿ ಹಾಕವ್ನೆ."