ಆಚಾರರ ಮರದ ತುಂಡಿಗೆ ನಾನು ಮಾಡಿದ ಗಾಡಿ

ಹೋದ ತಿಂಗಳು ನಾನೊಂದು ಉಪಕಾರ ಮಾಡಿದೆ. ಅದನ್ನು ಸರಿಪಡಿಸಲು ಮೂರು ಭಾನುವಾರ ಬೇಕಾಯಿತು.

ನಂಜನಗೂಡಿನ ನಮ್ಮ ಬೀದಿಯ ಕೊನೆಗೆ ಪುಟ್ಟಾಚಾರರ ಮರಗೆಲಸದ ಶೆಡ್ ಇದೆ. ಅರವತ್ತೈದು ದಾಟಿದ ಜೀವ. ಸ್ಕೂಲಿಗೆ ರಜೆ ಬಂದರೆ ನಾನು ಅಲ್ಲೇ ಹಾಜರು. (ಮೇಷ್ಟ್ರ ಕೈಗೆ ಉಳಿ ಸಿಕ್ಕರೆ ಮರಕ್ಕೆ ಗಂಡಾಂತರ ಅಂತಾಳೆ ನನ್ನ ಹೆಂಡತಿ. ಇರಲಿ.) ಶೆಡ್ಡಿನ ತುಂಬ ಮಿಕ್ಕಿದ ಮರದ ತುಂಡುಗಳು. ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಕಾಲಿಡಲು ಜಾಗವಿಲ್ಲ. ಆ ತುಂಡುಗಳನ್ನೇ ಎಡವಿ ಆಚಾರರು ಬಿದ್ದರು, ಕಾಲು ಮುರಿಯಿತು.

ಅವರ ಹೆಂಡತಿ ರತ್ನಮ್ಮನವರು ಗುಡುಗಿದರು. "ಇನ್ನೊಂದ್ ಕಿತ ಬಿದ್ರಿ ಅಂದ್ರೆ ಶೆಡ್ಗೆ ಬೀಗ ಆಕ್ಬುಟ್ಟು, ಆ ತುಂಡ್ನೆಲ್ಲ ನೀರೊಲೆಗೆ ಮಡಗ್ತೀನಿ ಕಣ್ರೀ!"

ಕೋಪವಲ್ಲ, ಭಯ. ಆದರೆ ಬೀಗ ಬಿದ್ದರೆ ಆ ಮನುಷ್ಯ ಉಳಿಯುತ್ತಾರೆಯೇ? ಬಾಗಿಲು ಮಾಡುವುದು ಬಿಟ್ಟರೆ ಅವರಿಗೆ ಬೇರೆ ಲೋಕವೇ ಇಲ್ಲ.

ಅವರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತಾಂಡವಪುರದ ಮಗಳ ಮನೆಯಲ್ಲಿ ಮಲಗಿದ್ದಾಗ ನಾನೊಂದು ಗಾಡಿ ಮಾಡಿದೆ. ಕೆಳಗೆ ದಪ್ಪ ಪ್ಲೈವುಡ್, ಗುಜರಿಯಲ್ಲಿ ಸಿಕ್ಕ ನಾಲ್ಕು ಚಕ್ರ. ಹಿಂದೆ ಉದ್ದದ ತುಂಡು ನಿಲ್ಲಿಸಲು ಎತ್ತರದ ಖಾನೆ, ಮುಂದೆ ಗಿಡ್ಡದ್ದಕ್ಕೆ ಸಣ್ಣ ಖಾನೆ. ಪ್ರತಿ ತುಂಡನ್ನೂ ಟೇಪ್ ಹಿಡಿದು ಅಳೆದು, ಉದ್ದದ ಪ್ರಕಾರ ಜೋಡಿಸಿದೆ. ಎಂಥಾ ನೀಟು!

ಆಚಾರರು ಕೋಲೂರಿಕೊಂಡು ಬಂದರು. ಗಾಡಿಯನ್ನು ಒಮ್ಮೆ ತಳ್ಳಿ ನೋಡಿ ನಕ್ಕರು. ಆಮೇಲೆ ಖಾನೆಗಳ ಕಡೆ ನೋಡಿ ಮಂಕಾದರು.

"ಗಾಡಿ ಬೋ ಚೆಂದಾಗದೆ ಸಾ. ಸುತ್ತೂರ್ ಮನೆಗಳ್ದು ಯಾವ್ ಕಡೆ ಮಡಗಿದ್ದೀರಿ?"

"ಸುತ್ತೂರು?" ಅಂದೆ ನಾನು.

ಆಗ ಗೊತ್ತಾಯಿತು. ಯಾರಿಗೇ ಬಾಗಿಲು ಮಾಡಲಿ, ಅದೇ ಮರದ ಒಂದು ತುಂಡನ್ನು ಆಚಾರರು ಉಳಿಸಿಕೊಳ್ಳುತ್ತಾರೆ. ಹತ್ತು ವರ್ಷದ ಮೇಲೆ ಗೆದ್ದಲು ತಿಂದು ಆ ಬಾಗಿಲು ವಾಪಸ್ ಬಂದರೆ, ಆ ತುಂಡಿನಿಂದಲೇ ತೇಪೆ. "ಬ್ಯಾರೆ ಮರ ಆಕಿದ್ರೆ ಒಂದ್ ಮಳೆಗೇ ಬಾಯ್ ಬುಡ್ತದೆ ಸಾ."

ಆ ರಾಶಿಗೂ ಒಂದು ಕ್ರಮವಿತ್ತು! ಶೆಡ್ಡಿನ ಬಾಗಿಲ ಹತ್ತಿರ ನಂಜನಗೂಡಿನ ಮನೆಗಳು, ನಡುವೆ ಸುತ್ತೂರು, ಅದರಾಚೆ ತಿ. ನರಸೀಪುರ, ಗೋಡೆಗೆ ಒರಗಿ ತಲಕಾಡು. ಮೂವತ್ತು ವರ್ಷದ ಬಾಗಿಲುಗಳನ್ನು ನಾನು ಒಂದೇ ವಾರದಲ್ಲಿ ಕಲಸುಮೇಲೋಗರ ಮಾಡಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬೈಯಲಿಲ್ಲ ಆ ಪುಣ್ಯಾತ್ಮ. ಸ್ಟೂಲ್ ಎಳೆದುಕೊಂಡು ಕೂತರು. ಮೂರು ಭಾನುವಾರ ಒಂದೊಂದೇ ತುಂಡನ್ನು ಎಂಜಲು ಹಚ್ಚಿ ಉಜ್ಜಿ, ಮೂಸಿ, ಯಾವ ಬಾಗಿಲಿನ ಮರವೆಂದು ಗುರುತು ಹಿಡಿದು ಊರು ಹೇಳಿದರು. ನಾನು ಸ್ಕೆಚ್ ಪೆನ್ನಿನಲ್ಲಿ ಬರೆದೆ. ಖಾನೆಗಳಿಗೂ ಊರಿನ ಹೆಸರು ಬಂತು. ಕಾಫಿ ತಂದ ರತ್ನಮ್ಮನವರು, "ಸದ್ಯ, ನಡ್ಯಕ್ಕೆ ಜಾಗ ಆಯ್ತಲ್ಲ" ಅಂದರು. ಬೀಗದ ಮಾತು ಎತ್ತಲಿಲ್ಲ.

ಕೊನೆಗೆ ಒಂಬತ್ತು ತುಂಡು ಉಳಿದವು. ಎಷ್ಟು ಮೂಸಿದರೂ ಗುರುತು ಸಿಗಲಿಲ್ಲ.

"ಬುಡಿ ಸಾ, ಬಾಗ್ಲು ಬಂದಾಗ ಗೊತ್ತಾಯ್ತದೆ" ಅಂದರು ಆಚಾರರು. ಹಾಗಂದವರು ಆ ಒಂಬತ್ತನ್ನೂ ತೊಡೆಯ ಮೇಲಿಟ್ಟುಕೊಂಡು ಮತ್ತೆ ಒಂದೊಂದಾಗಿ ಮೂಸತೊಡಗಿದರು.

ಸುತ್ತೂರಿನಿಂದ ತಲಕಾಡಿನವರೆಗಿನ ಓದುಗರೇ, ಆಚಾರರು ಮಾಡಿಕೊಟ್ಟ ನಿಮ್ಮ ಮನೆ ಬಾಗಿಲು ಎಲ್ಲಾದರೂ ಕೆಟ್ಟಿದ್ದರೆ ದಯವಿಟ್ಟು ನನಗೊಂದು ಕಾರ್ಡ್ ಹಾಕುತ್ತೀರಾ?