ಎರಡು ಟ್ರೇಲರ್ ಕಟ್ಟಿದರೆ ಹಿಂದಕ್ಕೆ ಬರಲಾಗದು

ಒಂದು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ತರುವುದು ನಮ್ಮೂರಿನ ಎಲ್ಲ ಡ್ರೈವರುಗಳಿಗೂ ಬರುತ್ತದೆ. ಎರಡು ಕಟ್ಟಿದರೆ ಯಾರಿಗೂ ಬರುವುದಿಲ್ಲ. ಮುಂದಿನದನ್ನು ಬಲಕ್ಕೆ ತಿರುಗಿಸಿದರೆ ಹಿಂದಿನದು ತನಗೆ ತೋಚಿದ ಕಡೆ ಹೊರಳಿ ದಾರಿಗೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಅಪ್ಪನ ಕಾಯಿದೆಗಳು ಖಡಕ್ಕಾಗಿದ್ದವು. ಭಾರವೆಲ್ಲ ಮುಂದಿನದಕ್ಕೆ, ಹಗುರವಾದದ್ದು ಹಿಂದಿನದಕ್ಕೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬಾರದು. ತಿರುಗಿಸಲು ಜಾಗ ಇದೆಯೋ ಇಲ್ಲವೋ ತಿಳಿಯದ ದಾರಿಗೆ ನುಗ್ಗಲೇಬಾರದು. ಸರ್ಕಾರದ ಕಾಯಿದೆ ಬೇರೆಯೇ ಇತ್ತು. ಐಮಂಗಲದ ಹತ್ತಿರ ಹೈವೇಯಲ್ಲಿ ಪೊಲೀಸರೊಬ್ಬರು ಕೈ ಅಡ್ಡ ಹಿಡಿದು, "ಏನ್ರೀ, ರೈಲು ಓಡಿಸ್ತಿದೀರಾ? ಒಂದನ್ನ ಬಿಚ್ಚಿ ಮನೇಲಿಟ್ಟು ಬರ್ರಿ" ಎಂದಿದ್ದರು. ಅಂದಿನಿಂದ ಅಪ್ಪ ಹೈವೇ ಬಿಟ್ಟು ಒಳದಾರಿ ಹಿಡಿದ. ಬಿಚ್ಚುವ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಅದಕ್ಕೆ ಕಾರಣವಿತ್ತು. ಮನೆ ಪಾಲಾದಾಗ ಟ್ರ್ಯಾಕ್ಟರು ಮತ್ತು ಒಂದು ಟ್ರೇಲರ್ ಅಪ್ಪನಿಗೆ ಬಂದವು, ಇನ್ನೊಂದು ಟ್ರೇಲರ್ ಚಿಕ್ಕಪ್ಪನಿಗೆ. ಅಂದೇ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಆದರೆ ವರ್ಷಕ್ಕೊಮ್ಮೆ ಹೊಸದುರ್ಗದ ಕಡೆಯ ನಮ್ಮೂರಿನಿಂದ ಆದಿವಾಲದಾಚೆಯ ಮನೆದೇವರಿಗೆ ಹೋಗಿ, ಅಲ್ಲೇ ಅಡುಗೆ ಮಾಡಿ ಎಡೆ ಇಟ್ಟು ಬರುವುದು ನಮ್ಮ ಪದ್ಧತಿ. ಅದಕ್ಕೆ ಎರಡೂ ಟ್ರೇಲರ್ ಹೋಗಲೇಬೇಕು. ತನ್ನದು ಹೋಗದಿದ್ದರೆ ದೇವರ ಸೇವೆಯಲ್ಲಿ ತನಗೆ ಪಾಲಿಲ್ಲವೆಂದು ಚಿಕ್ಕಪ್ಪನ ಹಠ. ತಮ್ಮನದನ್ನು ಬಿಟ್ಟು ಬಂದ ಎನ್ನಿಸಿಕೊಳ್ಳಬಾರದೆಂದು ಅಪ್ಪನ ಹಠ. ಮನೆ ಮಂದಿಯೆಲ್ಲ ಬಸ್ಸಿಗೆ, ಪಾತ್ರೆ ಸೌದೆ ಶಾಮಿಯಾನ ಟ್ರ್ಯಾಕ್ಟರಿಗೆ. ಚಿಕ್ಕಪ್ಪ ಬೈಕಿನಲ್ಲಿ ಹಿಂದೆ ಕಾವಲು ಬರುತ್ತಿದ್ದ, ಅವನ ಹಿಂದಿನ ಸೀಟಿನಲ್ಲಿ ನಾನು.

ನಾನೇ ಯಾಕೆಂದರೆ ಅವರಿಬ್ಬರ ನಡುವಿನ ಟೆಲಿಫೋನು ನಾನು. "ಹೇಳವ್ವ ನಿಮ್ಮಪ್ಪಂಗೆ, ಹಿಂದ್ಲ ಹಗ್ಗ ಸಡ್ಲಾಗೈತೆ" ಎಂದು ಚಿಕ್ಕಪ್ಪ ಹೇಳುವಾಗ ಅಪ್ಪ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದ. ನಾನು ಅದನ್ನೇ ಮತ್ತೆ ಒಪ್ಪಿಸಬೇಕು. ಚಿತ್ರದುರ್ಗದ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಊರಿಗೆ ಬಂದರೆ ಇದೊಂದು ನೌಕರಿ. ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು. ಇಬ್ಬರಿಗೂ ತಲೆ ನರೆತಿತ್ತು. ಹೀಗೆ ಮಾತಿಲ್ಲದೆಯೇ ಒಬ್ಬರು ಹೋಗಿಬಿಟ್ಟರೆ ಉಳಿದವರ ಗತಿಯೇನು ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ.

ಈ ಸಲ ಹೊರಡುವಾಗ ಚಿಕ್ಕಪ್ಪ ಹಗ್ಗ ಬಿಗಿಯುತ್ತಾ, ಯಾರಿಗೂ ಅಲ್ಲವೆಂಬಂತೆ, "ನಾಲೆ ಪಕ್ಕದ ದಾರೀನ ಪೈಪಿಗೆ ಅಂತ ಅಗ್ದವ್ರೆ. ಕೆಲವ್ರಿಗೆ ಗೊತ್ತಿರಲ್ಲ" ಅಂದ. ಅಪ್ಪ ಕೇಳಿಸಿಕೊಂಡ. ಆ ಮಾತಿಗೆ ಒಪ್ಪಿದರೆ ತಾನೇ ಸೋತಂತಾಗುತ್ತದಲ್ಲ. "ಕೆಲವ್ರು ಹೇಳಿದ್ದೆಲ್ಲ ಕೇಳ್ಕಂಡು ಕುಂತ್ರೆ ಎಡೆಗೆ ಹೊತ್ತಾಗ್ತೈತೆ, ಹೋಗಾಣ ನಡಿ" ಎಂದು ನನಗೆ ಹೇಳಿ, ತನ್ನ ಕಾಯಿದೆಯನ್ನು ತಾನೇ ಮುರಿದು ನಾಲೆಯ ದಾರಿಗೇ ಬಿಟ್ಟ.

ದಾರಿ ಅಗೆದೇ ಇತ್ತು. ಒಂದು ಕಡೆ ನಾಲೆ, ಇನ್ನೊಂದು ಕಡೆ ಬಾಳೆ ತೋಟದ ಬೇಲಿ, ಎದುರಿಗೆ ದಾರಿಯ ಅಗಲಕ್ಕೂ ಗುಂಡಿ. ಚಿಕ್ಕಪ್ಪನ ಮುಖದಲ್ಲಿ ಸಣ್ಣದೊಂದು ಗೆಲುವು ಕಂಡು ನನಗೆ ಮೈ ಉರಿಯಿತು. ಉಳಿದದ್ದು ಒಂದೇ ಉಪಾಯ: ಹಿಂದಿನ ಟ್ರೇಲರ್ ಬಿಚ್ಚಿ, ಅದನ್ನು ಕೈಯಿಂದಲೇ ಹಿಂದಕ್ಕೆ ನೂಕಿ ದಾರಿ ಅಗಲವಾದ ಕಡೆ ನಿಲ್ಲಿಸುವುದು. ತೋಟದ ಕೆಲಸದವರು ನೂಕಲು ಬಂದರು. ಚಕ್ರಗಳಿಗೆ ಕಲ್ಲು ಕೊಟ್ಟೆವು. ಏರುದಾರಿಯಾದ್ದರಿಂದ ಹಿಂದಿನ ಟ್ರೇಲರ್ ಜಗ್ಗಿ, ಎರಡನ್ನೂ ಸೇರಿಸಿದ ಕೊಂಡಿಯ ಪಿನ್ನು ಬಿಗಿದು ಕೂತಿತ್ತು. ಟ್ರ್ಯಾಕ್ಟರ್ ಒಂದು ಬೆರಳಿನಷ್ಟು ಹಿಂದೆ ಬಂದರೆ ಪಿನ್ನು ಸಡಿಲಾಗುತ್ತದೆ. ಅದಕ್ಕಿಂತ ಹೆಚ್ಚು ಬಂದರೆ ಪಿನ್ನು ಹಿಡಿದ ಕೈ ಕಬ್ಬಿಣದ ನಡುವೆ ಜಜ್ಜಿಹೋಗುತ್ತದೆ.

ಚಿಕ್ಕಪ್ಪ ಬಗ್ಗಿ ಕೈ ಹಾಕಿದ. ಸೌದೆಯ ರಾಶಿಯಾಚೆ ಕೂತಿದ್ದ ಅಪ್ಪನಿಗೆ ಅವನು ಕಾಣುತ್ತಿರಲಿಲ್ಲ.

"ಒಂಚೂರು ಹಿಂದಕ್ಕೆ ಬಿಡಕ್ಕೆ ಹೇಳವ್ವ," ಅಂದ.

ನಾನು ಪಕ್ಕದಲ್ಲಿ, ಇಬ್ಬರಿಗೂ ಕಾಣುವಂತೆ ನಿಂತಿದ್ದೆ. ಬಾಯಿ ತೆರೆದವಳು ಮುಚ್ಚಿದೆ. ಸಾಕು ಎಂದು ಚಿಕ್ಕಪ್ಪ ನನಗೆ ಹೇಳಿ, ಅದನ್ನು ನಾನು ಅಪ್ಪನಿಗೆ ಮುಟ್ಟಿಸುವಷ್ಟರಲ್ಲಿ ಕೈ ಹೋಗಿರುತ್ತಿತ್ತು.

"ನಾನು ಹೇಳಲ್ಲ ಚಿಕ್ಕಪ್ಪ. ಕೈ ನಿಂದು, ನೀನೇ ಹೇಳು."

ಅವನು ನನ್ನನ್ನು ದುರುಗುಟ್ಟಿಕೊಂಡು ನೋಡಿದ. ಕೈ ತೆಗೆಯಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಇಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಅಪ್ಪ ಗೇರು ಹಾಕಿದ್ದು ಕೇಳಿಸಿತು. ಹಠ ಹಿಡಿಯಲು ಒಳ್ಳೆ ಹೊತ್ತು ಹುಡುಕಿಕೊಂಡೆ ಎಂದು ನನ್ನನ್ನೇ ಬೈದುಕೊಂಡು, ಇನ್ನೇನು ಕೂಗಬೇಕು, ಅಷ್ಟರಲ್ಲಿ ಇಂಜಿನ್ ನಿಂತಿತು. ಅಪ್ಪ ಬ್ರೇಕು ಒತ್ತಿಕೊಂಡೇ ಕೀಲಿ ತಿರುಗಿಸಿದ್ದ. ಹಿಂದಕ್ಕೆ ತಿರುಗಿ ನೋಡಲಿಲ್ಲ.

"ಕೈ ಒಳಗೈತೇನಲೇ?" ಅಂದ.

ಆ ಪ್ರಶ್ನೆ ನನಗಲ್ಲ. ಚಿಕ್ಕಪ್ಪ ಬಗ್ಗಿದ್ದವನು ಬಗ್ಗಿಯೇ ಇದ್ದ.

"ಹೂನಣ್ಣ. ಒಳಗೇ ಐತೆ."

"ಮದ್ಲು ತೆಗಿ. ಪಿನ್ನು ಹಾಳಾಗ್ ಹೋಗ್ಲಿ."

ಚಿಕ್ಕಪ್ಪ ಕೈ ಹೊರಗೆಳೆದುಕೊಂಡ. "ತೆಗ್ದೆ ಕಣಣ್ಣ" ಅಂದ. ಅಪ್ಪನಿಗೆ ಕೇಳಿಸಿತ್ತು, ತಲೆಯಾಡಿಸಿದ್ದು ನನಗೆ ಕಂಡಿತು. ಆದರೂ ಚಿಕ್ಕಪ್ಪ ಸೌದೆಯ ರಾಶಿಯ ಪಕ್ಕದಿಂದ ಇಣುಕಿ, ಅಪ್ಪನ ಬೆನ್ನು ನೋಡುತ್ತಾ, ಇನ್ನೊಂದು ಸಲ ಅಂದ: "ತೆಗ್ದೆ ಕಣಣ್ಣ."